ಆರು ಜನ ಕೂರುವ ಡಿಂಗಿ

ನಾಶಿಕ್ ರೋಡಿನ ಹೋಟೆಲ್ ಅನುಗ್ರಹದಲ್ಲಿ ಆ ಬೆಳಿಗ್ಗೆ ನಡೆದದ್ದು ಇಷ್ಟೇ. ಅಡುಗೆಮನೆಗೂ ಹಾಲಿಗೂ ನಡುವೆ ಇರುವ ಕಿಟಕಿಯಲ್ಲಿ ಅನಸೂಯಮ್ಮ ಎರಡು ಪ್ಲೇಟು ಇಡ್ಲಿ ಇಟ್ಟು, ಗಲ್ಲಾದಲ್ಲಿ ಕುಳಿತಿದ್ದ ಗಂಡನ ಕಡೆ ನೋಡಿ, "ದಿಗಂತನ ದೋಣಿ ಒಂದ್ಸಲ ಕಾಣ್ಕಿತ್ತ್" ಎಂದರು. ನೋಡಬೇಕಿತ್ತು ಎಂದು ಅರ್ಥ. ಕುಂದಾಪುರದ ಕಡೆಯ ಮಾತು. ಹೇಳಿದವರು ತಿರುಗಿ ಒಲೆಯ ಹತ್ತಿರ ಹೋದರು. ಇಡ್ಲಿ ಗಿರಾಕಿಯ ಹತ್ತಿರ ಹೋಯಿತು. ಭುಜಂಗ ಶೆಟ್ಟರು ಮಾತ್ರ ಯಾರಿಗೋ ಕೊಡಬೇಕಾದ ಚಿಲ್ಲರೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಹಾಗೇ ಕುಳಿತುಬಿಟ್ಟರು. ಮಗ ತೀರಿಕೊಂಡ ಮೇಲೆ ಆ ಹೆಸರು ಆ ಕಿಟಕಿಯಿಂದ ಹೊರಗೆ ಬಂದದ್ದು ಅದೇ ಮೊದಲು.

ಹೋಟೆಲಿನವರ ದಾಂಪತ್ಯ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಗಂಡ ಗಲ್ಲಾದಲ್ಲಿ, ಹೆಂಡತಿ ಒಲೆಯ ಮುಂದೆ, ನಡುವೆ ಒಂದು ಕಿಟಕಿ. ಮದುವೆಯಾಗಿ ನಾಶಿಕಿಗೆ ಬಂದಾಗಿನಿಂದ ಈ ಇಬ್ಬರ ಮಾತುಕತೆಯೆಲ್ಲ ಆ ಕಿಟಕಿಯ ಮೂಲಕವೇ ನಡೆದಿತ್ತು. ತಾನು ಬಸುರಿ ಎಂಬ ಸುದ್ದಿಯನ್ನೂ ಅನಸೂಯಮ್ಮ ಅಲ್ಲಿಂದಲೇ ಹೇಳಿದ್ದರು. ಆಗ ಉತ್ತಪ್ಪಕ್ಕಾಗಿ ಕಾದು ನಿಂತಿದ್ದ ಸಪ್ಲೈಯರ್ ಅದನ್ನು ಕೇಳಿಸಿಕೊಂಡು ಯಜಮಾನರಿಗಿಂತ ಮೊದಲೇ ಹಲ್ಲು ಕಿರಿದಿದ್ದ. ಇಬ್ಬರೂ ಒಟ್ಟಿಗೆ ಕುಳಿತು ಉಂಡದ್ದು ಊರಿಗೆ ಹೋದಾಗ ಮಾತ್ರ, ಅದೂ ಇನ್ಯಾರದೋ ಮದುವೆಯ ಪಂಕ್ತಿಯಲ್ಲಿ, ಅಕ್ಕಪಕ್ಕ. ಎದುರುಬದುರು ಕುಳಿತದ್ದು ಇಬ್ಬರಿಗೂ ನೆನಪಿಲ್ಲ.

ಅವರ ಒಬ್ಬನೇ ಮಗ ದಿಗಂತ ಸಿನ್ನರಿನಲ್ಲಿ ಫೈಬರಿನ ನೀರಿನ ಟ್ಯಾಂಕು ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ. ಟ್ಯಾಂಕು ಮಾಡಿ ಮಾಡಿ ಬೇಜಾರಾಗಿ, ನೀರು ಒಳಗಿರುವ ವಸ್ತು ಸಾಕು, ನೀರು ಹೊರಗಿರುವಂಥದ್ದು ಒಂದು ಮಾಡೋಣ ಎಂದು ರಜೆಯ ದಿನಗಳಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಒಂದು ದೋಣಿ ಮಾಡಿದ. ಸಣ್ಣದೊಂದು ಕೋಣೆ, ಮಲಗಲು ಎರಡು ಹಲಗೆ, ಚಹಾ ಕಾಸಲು ಒಲೆ, ಹಿಂದೆ ಒಂದು ಎಂಜಿನ್. ಸಂಭಾಜಿನಗರದ ಆಚೆ ಗೋದಾವರಿಯ ಹಿನ್ನೀರಿನಲ್ಲಿ ನಿಧಾನವಾಗಿ ಹೋಗುತ್ತಾ, ಮನಸ್ಸಾದಲ್ಲಿ ಲಂಗರು ಹಾಕಿ, ಅಲ್ಲೇ ಮಲಗಿ ಏಳುವುದಕ್ಕೆ ಮಾಡಿದ ದೋಣಿ ಅದು. ಮೊದಲ ಪ್ರಯಾಣ ಅಪ್ಪ ಅಮ್ಮನದು, ಅದಕ್ಕೇ ಹಲಗೆ ಎರಡೇ ಹಾಕಿದ್ದು ಎಂದಿದ್ದ. ದೀಪಾವಳಿಯ ಗಡಿಬಿಡಿ ಮುಗಿಯಲಿ ಎಂದು ಇವರು ಹೇಳಿದರು. ದೀಪಾವಳಿಗೆ ಮುಂಚೆಯೇ, ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಬರುತ್ತಿದ್ದವನಿಗೆ ಘಾಟಿನಲ್ಲಿ ಲಾರಿ ಬಡಿಯಿತು.

ಹದಿಮೂರನೆಯ ದಿನದ ಕಾರ್ಯ ಮುಗಿಸಿ ಹೋಟೆಲು ತೆರೆದರು. ಗಿರಾಕಿಗಳು ಬಂದರು. ಶೆಟ್ಟರು ಎಷ್ಟೋ ಸಲ ಆ ಕಿಟಕಿಯ ಹತ್ತಿರ ಹೋಗಿ ಬಾಯಿ ತೆರೆದದ್ದುಂಟು. ಅಷ್ಟರಲ್ಲಿ ಯಾರಾದರೊಬ್ಬರು ಮಸಾಲೆ ದೋಸೆ ಕೇಳುವರು. ಮನೆಗೆ ಹೋದರೆ ಇಬ್ಬರಿಗೂ ಕಾಲು ಸೇದುತ್ತಿತ್ತು, ದೀಪ ಆರಿಸಿ ಮಲಗುವರು. ಹೀಗೆ ಮಗನ ಬಗ್ಗೆ ಒಂದು ಅಕ್ಷರ ಆಡದೆ ಎರಡನೆಯ ಮಳೆಗಾಲವೂ ಮುಗಿಯುತ್ತಾ ಬಂತು. ದುಃಖ ಕಡಿಮೆಯಾಗಿತ್ತೆಂದಲ್ಲ. ಅದನ್ನು ಇಳಿಸುವುದಕ್ಕೆ ಆ ಹೋಟೆಲಿನಲ್ಲಿ ಒಂದು ಖಾಲಿ ಟೇಬಲ್ ಸಿಕ್ಕಿರಲಿಲ್ಲ.

ಶೆಟ್ಟರು ಚಿಲ್ಲರೆಯನ್ನು ಗಿರಾಕಿಗೆ ಕೊಟ್ಟು, ಗಲ್ಲಾವನ್ನು ಸೂಪರ್‌ವೈಸರ್ ಶಾಂತಕುಮಾರನಿಗೆ ಒಪ್ಪಿಸಿ, ಕಿಟಕಿಯ ಹತ್ತಿರ ಹೋಗಿ, "ಇವತ್ತೇ ಹೋಪ" ಎಂದರು. ಅನಸೂಯಮ್ಮ ಸೌಟು ಹಿಡಿದುಕೊಂಡೇ ಅವರನ್ನು ನೋಡಿದರು. ಹೋಟೆಲಿನ ಚರಿತ್ರೆಯಲ್ಲಿ ಶೆಟ್ಟರು ಬೆಳಗಿನ ಗಿರಾಕಿ ಇರುವಾಗ ಗಲ್ಲಾ ಬಿಟ್ಟು ಎದ್ದದ್ದು ಇದು ಎರಡನೆಯ ಸಲ. ಮೊದಲನೆಯದು ಸಿನ್ನರಿನಿಂದ ಫೋನು ಬಂದಾಗ.

ಅವರಿಗೆ ಬೇಕಾಗಿದ್ದದ್ದು ಒಂದೇ. ಯಾರೂ ಮಸಾಲೆ ದೋಸೆ ಕೇಳದ ಜಾಗದಲ್ಲಿ, ಹೆಂಡತಿಯ ಎದುರು ಕುಳಿತು, ಮಗನ ಹೆಸರು ಹೇಳಬೇಕು. ಅವಳೂ ಹೇಳಬೇಕು. ಇಬ್ಬರೂ ಅಳಬೇಕಾದರೆ ಅಳಬೇಕು. ನೀರಿನ ನಡುವಿನ ದೋಣಿಗಿಂತ ಒಳ್ಳೆಯ ಜಾಗ ಇದಕ್ಕೆ ಯಾವುದಿದೆ ಎಂದು ಅವರಿಗೆ ಅನ್ನಿಸಿತು. ಅದು ಸರಿಯಾಗಿಯೇ ಇತ್ತು.

ತೊಡಕು ಇದ್ದದ್ದು ದೋಣಿಯನ್ನು ತಲುಪುವುದರಲ್ಲಿ. ಅಂಥ ದೋಣಿ ದಡಕ್ಕೆ ಬರುವುದಿಲ್ಲ, ತಳ ತಾಗುತ್ತದೆ. ಆಳದಲ್ಲಿ ಲಂಗರಿನ ಮೇಲೆ ನಿಂತಿರುತ್ತದೆ. ಅದಕ್ಕೂ ದಡಕ್ಕೂ ಓಡಾಡುವುದಕ್ಕೆ ಡಿಂಗಿ ಎಂಬ ಇನ್ನೊಂದು ಪುಟ್ಟ ದೋಣಿ ಬೇಕು. ದಿಗಂತ ಅದನ್ನಿನ್ನೂ ಕೊಂಡಿರಲಿಲ್ಲ. ದಡದ ಮೀನುಗಾರನ ಥರ್ಮೋಕೋಲಿನ ತೆಪ್ಪದ ಮೇಲೆ ಮಂಡಿಯೂರಿ ಹೋಗಿಬರುತ್ತಿದ್ದ. ಅದರಲ್ಲಿ ಒಬ್ಬನೇ ಹಿಡಿಯುವುದು, ಅದೂ ಉಸಿರು ಬಿಗಿಹಿಡಿದರೆ. ದೋಣಿಯ ಕಾವಲಿಗಿದ್ದವನೂ ಅದೇ ಮೀನುಗಾರ.

ಡಿಂಗಿಯನ್ನು ಹೇಗೆ ಆರಿಸಬೇಕು ಎಂದು ಮಗ ಒಂದು ದಿನ ಗಲ್ಲಾದ ಪಕ್ಕ ನಿಂತು ಅಪ್ಪನಿಗೆ ವಿವರವಾಗಿ ಹೇಳಿದ್ದ. ಗಲ್ಲಾದಲ್ಲಿ ಕೂತವನ ಕಿವಿಗೆ ಯಾವ ಮಾತೂ ಇಡಿಯಾಗಿ ಬೀಳುವುದಿಲ್ಲ. ಶೆಟ್ಟರಿಗೆ ಈಗ ನೆನಪಿದ್ದದ್ದು ಹೀಗೆ: ದೊಡ್ಡದಾದಷ್ಟೂ ಒಳ್ಳೆಯದು ಅಂದುಕೊಳ್ಳಬಾರದು ಅಪ್ಪಾ, ಯಾಕೆಂದರೆ ಅದನ್ನು, ಎರಡು ಸೆಟ್ ದೋಸೆ ಒಂದು ಚಹಾ, ಹಿಂದೆ ಕಟ್ಟಿ ಎಳೆಯುವಾಗ, ನಾಲ್ಕನೇ ಟೇಬಲ್ ಪಾರ್ಸಲ್, ಅದಕ್ಕೇ ನಾನು ನೋಡಿಟ್ಟಿರುವುದು. ಏನು ನೋಡಿಟ್ಟಿದ್ದನೋ, ಆ ಜಾಗದಲ್ಲಿ ಪಾರ್ಸಲ್ ಕೂತುಬಿಟ್ಟಿತ್ತು. ಇನ್ನೊಂದು ಸಲ ಹೇಳು ಮಗಾ ಎಂದು ಆಗಲೇ ಕೇಳಬಹುದಿತ್ತು. ಈ ಯೋಚನೆ ಬಂದಾಗಲೆಲ್ಲ ಶೆಟ್ಟರು ಗಲ್ಲಾದ ಗಾಜನ್ನು ಒರೆಸಲು ಶುರುಮಾಡುತ್ತಿದ್ದರು.

ಹೋಟೆಲಿಗೆ ತರಕಾರಿ ತರುವ ವ್ಯಾನನ್ನು ಶೆಟ್ಟರು ಹೊರಗೆ ತೆಗೆದರು. ಪಿಂಪಳಗಾಂವ್ ಮಾರುಕಟ್ಟೆಯ ಈರುಳ್ಳಿಯ ವಾಸನೆ ಅದರ ಸೀಟಿನೊಳಗೇ ಇಳಿದಿತ್ತು. ಅನಸೂಯಮ್ಮ ಸೀರೆ ಬದಲಾಯಿಸಿ, ಒಂದು ಸಣ್ಣ ಬಟ್ಟೆಯ ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತರು. ಈ ಕತೆ ಇಲ್ಲಿಂದ ನೇರವಾಗಿ ದೋಣಿಗೇ ಹೋಗಿದ್ದರೆ ಚೆನ್ನಾಗಿತ್ತು. ಆದರೆ ಗೇಟಿನ ಹತ್ತಿರ ವಿಶ್ವನಾಥಪ್ಪನವರು ನಿಂತಿದ್ದರು.

ವಿಶ್ವನಾಥಪ್ಪನವರು ಬೀದರದ ಕಡೆಯವರು, ರೈಲ್ವೆಯ ಕಚೇರಿಯಲ್ಲಿ ಇದ್ದು ನಿವೃತ್ತರಾದವರು, ಹೋಟೆಲಿನ ಹಿಂದೆಯೇ ಇರುವ ಶೆಟ್ಟರ ಮನೆಯ ಪಕ್ಕದ ಮನೆಯವರು. ಜಗತ್ತಿನಲ್ಲಿ ಯಾರು ಎಲ್ಲಿಗೆ ಹೊರಟರೂ ಅವರಿಗೆ ತಿಳಿದಿರಬೇಕು. "ಎಲ್ಲಿಗಿ ಹೊಂಟೀರಿ ಶೆಟ್ರೆ, ಇಷ್ಟ ಮುಂಜಾನೆ?" ಎಂದು ಕೇಳಿದರು. ಶೆಟ್ಟರು ದೋಣಿ ಎಂದರು, ಡಿಂಗಿ ಎಂದರು. ಆಮೇಲೆ, ನಿಂತಿರುವ ಮನುಷ್ಯನನ್ನು ನೋಡಿ ಬಾಯಿ ತಾನಾಗಿಯೇ, "ಬನ್ನಿ, ಜಾಗ ಉಂಟು" ಎಂದುಬಿಟ್ಟಿತು.

ಇದು ಹೋಟೆಲಿನವರ ರೋಗ. ಬಾಗಿಲಲ್ಲಿ ಯಾರಾದರೂ ನಿಂತರೆ ಜಾಗ ಇಲ್ಲ ಎನ್ನುವ ಮಾತು ಅವರ ಗಂಟಲಿನಲ್ಲಿ ಹುಟ್ಟುವುದೇ ಇಲ್ಲ. ಎಲ್ಲ ಟೇಬಲ್ ತುಂಬಿದ್ದರೂ ಬನ್ನಿ ಬನ್ನಿ ಎಂದು ಕರೆದು, ಉಣ್ಣುತ್ತಿರುವವನ ಪಕ್ಕದಲ್ಲಿ ಕುರ್ಚಿ ಹಾಕುವರು. ಶೆಟ್ಟರು ಈ ಮಾತನ್ನು ದಿನಕ್ಕೆ ಎಷ್ಟು ಸಲ ಹೇಳಿದ್ದರೋ, ಯಾವ ಗಿರಾಕಿಯೂ ಅದನ್ನು ತಪ್ಪಾಗಿ ತಿಳಿದಿರಲಿಲ್ಲ. ವಿಶ್ವನಾಥಪ್ಪನವರೂ ತಪ್ಪಾಗಿ ತಿಳಿಯಲಿಲ್ಲ. ಅಷ್ಟು ಪ್ರೀತಿಯಿಂದ ಕರೆಯುತ್ತಿರುವಾಗ ಬರುವುದಿಲ್ಲ ಎಂದರೆ ಸರಿಯೇ ಎಂದು ಹೆಂಡತಿ ಪಾರ್ವತಿಬಾಯಿಯನ್ನೂ ಕೂಗಿ ಕರೆದರು. ಆಕೆ ಬರುತ್ತಲೇ, ಊಟದ ಹೊತ್ತಿಗೆ ಎಲ್ಲಿ ಹುಡುಕುವುದು ಎಂದು ಅನುಗ್ರಹದ ಅಡುಗೆಮನೆಯಿಂದ ಒಂದು ದೊಡ್ಡ ಪಾತ್ರೆ ಇಡ್ಲಿ, ಒಂದು ಕ್ಯಾನು ಸಾಂಬಾರು ತುಂಬಿಸಿ ತಂದರು. ಅನಸೂಯಮ್ಮ ಚೀಲವನ್ನು ತೊಡೆಯ ಮೇಲಿಂದ ಎತ್ತಿ ಎದೆಗೆ ಹಿಡಿದುಕೊಂಡರು.

ವೈಜಾಪುರದಲ್ಲಿ ಚಹಾ ಕುಡಿಯುವಾಗ ಶೆಟ್ಟರು ತಮ್ಮ ಭಾವಮೈದುನ ಶ್ರೀರಾಮನಿಗೆ ಫೋನು ಮಾಡಿದರು. ಚಿಕ್ಕಂದಿನಲ್ಲೇ ಊರು ಬಿಟ್ಟ ಅವನದು ಸಂಭಾಜಿನಗರದಲ್ಲಿ ಹೋಟೆಲು. ಡಿಂಗಿ ಮಾರುವ ಅಂಗಡಿ ಎಲ್ಲಿದೆ ಎಂದಷ್ಟೇ ಕೇಳಿದ್ದು. ಇವರು ಸಂಭಾಜಿನಗರ ಮುಟ್ಟುವಷ್ಟರಲ್ಲಿ ಶ್ರೀರಾಮ ಮೊಬೈಲಿನಲ್ಲಿ ಸಾಲಾಗಿ ವಿಡಿಯೋ ನೋಡಿ, ಹುಟ್ಟಿನಿಂದ ಸಮುದ್ರದ ಮೇಲೇ ಇದ್ದವನ ಹಾಗೆ ಮಾತಾಡುತ್ತಾ ಅಂಗಡಿಯ ಮುಂದೆ ನಿಂತಿದ್ದ. ತಾನೂ ಬರುತ್ತೇನೆಂದ. ಅವನಿಗೆ ಜಾಗ ಉಂಟು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಅಂಗಡಿ ಸುಧೀರ ಎಂಬವನದು. ಈಜುಕೊಳಗಳಿಗೆ ಟ್ಯೂಬು, ಹಗ್ಗ, ಲೈಫ್ ಜಾಕೆಟ್ಟು ಮಾರುವವನು. ತನಗೆ ನೀರೆಂದರೆ ಭಯ, ಹಿತ್ತಲಿನ ಹೊಂಡವನ್ನೂ ಮುಚ್ಚಿಸಿದ್ದೇನೆ ಎಂದು ಮೊದಲೇ ಹೇಳಿ, ಆಮೇಲೆ ತಡೆಯಿಲ್ಲದೆ ಡಿಂಗಿಗಳನ್ನು ವಿವರಿಸಿದ. ಎರಡು ಇದ್ದವು. ಒಂದು ಫೈಬರಿನದು, ನೀಲಿ ಬಣ್ಣದ್ದು, ಇಬ್ಬರಿಗೆ. ಹುಟ್ಟು ಹಾಕಿದರೆ ನೇರ ಹೋಗುತ್ತದೆ, ದೊಡ್ಡ ದೋಣಿಯ ಹಿಂದೆ ಕಟ್ಟಿದರೆ ತಕರಾರಿಲ್ಲದೆ ಬರುತ್ತದೆ, ಮುಳ್ಳು ಕಲ್ಲಿಗೆ ಹೆದರುವುದಿಲ್ಲ. ಆದರೆ ಅಂಚಿನ ಮೇಲೆ ಕಾಲಿಟ್ಟರೆ ವಾಲುತ್ತದೆ. ಇನ್ನೊಂದು ಗಾಳಿ ತುಂಬುವುದು, ಆರು ಜನಕ್ಕೆ. ಎಲ್ಲಿ ಕಾಲಿಟ್ಟರೂ ವಾಲುವುದಿಲ್ಲ, ಗಾಳಿ ತೆಗೆದರೆ ಚೀಲದಲ್ಲಿ ಹಿಡಿಯುತ್ತದೆ. ಆದರೆ ಹುಟ್ಟು ಹಾಕುವವನ ಮಾತಿಗಿಂತ ಬೀಸುವ ಗಾಳಿಯ ಮಾತನ್ನೇ ಹೆಚ್ಚು ಕೇಳುತ್ತದೆ.

ಸುಧೀರ ನೀಲಿ ಡಿಂಗಿಯಲ್ಲಿ ಶೆಟ್ಟರನ್ನು ಕೂರಿಸಿ ತೋರಿಸಿದ. ಹುಟ್ಟು ಹಾಕುವವರು ನಡುವಿನ ಪಟ್ಟಿಯ ಮೇಲೆ, ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ಇನ್ನೊಬ್ಬರು ಹಿಂದಿನ ಪಟ್ಟಿಯ ಮೇಲೆ. ಇಬ್ಬರ ಮೊಣಕಾಲು ತಾಗುವಷ್ಟು ಹತ್ತಿರ, ಮುಖಕ್ಕೆ ಮುಖ. ಶೆಟ್ಟರು ಎದುರಿನ ಖಾಲಿ ಪಟ್ಟಿಯನ್ನು ನೋಡುತ್ತಾ ಕುಳಿತರು. ಮಗ ನೋಡಿಟ್ಟಿದ್ದದ್ದು ಇಂಥದ್ದನ್ನೇ ಇರಬೇಕು ಎಂದು ಅವರಿಗೆ ಬಲವಾಗಿ ಅನ್ನಿಸಿತು. "ಇದೇ ಸಾಕು" ಎಂದರು.

ಸಾಕು ಎಂದದ್ದನ್ನು ಯಾರೂ ಒಪ್ಪಲಿಲ್ಲ. ವಿಶ್ವನಾಥಪ್ಪನವರು ಡಿಂಗಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಇದರಾಗ ಇಬ್ಬರು ಹೋದರ ಉಳಿದವರು ದಂಡೀ ಮ್ಯಾಲ ಏನ್ ಮಾಡಬೇಕ್ರಿ ಎಂದು ನ್ಯಾಯವಾಗಿಯೇ ಕೇಳಿದರು. ಪಾರ್ವತಿಬಾಯಿಗೆ ಸೊಂಟದ ನೋವು, ಗಟ್ಟಿ ಹಲಗೆಯ ಮೇಲೆ ಕೂರುವಂತಿಲ್ಲ. ಮತ್ತೆ ಮತ್ತೆ ಹೋಗಿ ಬಂದು ಕರೆದುಕೊಂಡು ಹೋದರಾಯಿತು ಎಂದು ಶೆಟ್ಟರು ಕ್ಷೀಣವಾಗಿ ಹೇಳಿದರು. ಆಗ ಶ್ರೀರಾಮ ಅಕ್ಕನ ಮಾತೆತ್ತಿದ.

"ಅಕ್ಕನ ಮೊಣಕಾಲು ಹ್ಯಾಂಗಿತ್ತ್ ಅಂದೇಳಿ ನಿಮ್ಗೆ ಗೊತ್ತಿಲ್ಯಾ ಭಾವ? ಇದು ವಾಲಿ ಅವ್ಳ್ ನೀರಿಗೆ ಬಿದ್ರೆ?"

ಶೆಟ್ಟರು ಎದ್ದು ವ್ಯಾನಿನ ಹತ್ತಿರ ಹೋದರು. ಅನಸೂಯಮ್ಮ ಒಳಗೇ ಕುಳಿತಿದ್ದರು. ಯಾವುದನ್ನು ತೆಗೆದುಕೊಳ್ಳುವುದು ಎಂದು ಶೆಟ್ಟರು ವ್ಯಾನಿನ ಕಿಟಕಿಯಲ್ಲಿ ತಲೆಯಿಟ್ಟು ಕೇಳಿದರು. ನೋಡಿ, ಇಲ್ಲಿಯೂ ಒಂದು ಕಿಟಕಿ.

"ಸಣ್ಣದ್ ಇಲ್ಯಾ?" ಎಂದು ಅನಸೂಯಮ್ಮ ಕೇಳಿದರು.

"ಇತ್ತ್. ಇಬ್ರದ್ದ್" ಎಂದು ಶೆಟ್ಟರು ನೀಲಿ ಡಿಂಗಿಯ ಕಡೆ ಕೈ ತೋರಿಸಿದರು.

ಅನಸೂಯಮ್ಮನವರ ತುಟಿ ಅಲುಗಿತು. ಅಷ್ಟರಲ್ಲಿ ಪಾರ್ವತಿಬಾಯಿ ಹಿಂದಿನಿಂದ ಬಂದು, ಸಣ್ಣದು ಬ್ಯಾಡ್ರಿ ಅಕ್ಕಾ, ಅದು ತೊಟ್ಟಿಲಗತೆ ತೂಗತದ ಎಂದರು. ತೊಟ್ಟಿಲು ಎಂದ ಕೂಡಲೇ ಅನಸೂಯಮ್ಮ ಮುಖ ಆಚೆ ತಿರುಗಿಸಿದರು. ಹೆಂಡತಿಗೂ ಭಯವಾಗಿದೆ ಎಂದು ಶೆಟ್ಟರು ಅರ್ಥಮಾಡಿಕೊಂಡರು. ಗಂಡಂದಿರು ಅರ್ಥಮಾಡಿಕೊಳ್ಳುವುದು ಸಾಮಾನ್ಯವಾಗಿ ಹೀಗೆಯೇ. ಆರು ಜನರದ್ದನ್ನೇ ಕೊಡು ಎಂದು ಸುಧೀರನಿಗೆ ಹೇಳಿದರು.

ತೂತು ಇದೆಯೋ ಇಲ್ಲವೋ ನೋಡದೆ ಒಯ್ಯಬಾರದು ಎಂದು ವಿಶ್ವನಾಥಪ್ಪನವರು ಹಟ ಹಿಡಿದು ಅಂಗಡಿಯ ಮುಂದೆಯೇ ಗಾಳಿ ತುಂಬಿಸಿದರು. ತೂತು ಇರಲಿಲ್ಲ. ಆಮೇಲೆ ಗಾಳಿ ತೆಗೆದು ಮಡಚಿ ಚೀಲಕ್ಕೆ ತುಂಬಬೇಕಾಯಿತು. ಒಬ್ಬರು ಒಂದು ಮೂಲೆಯ ಮೇಲೆ ಕುಳಿತರೆ ಇನ್ನೊಂದು ಮೂಲೆ ಏಳುವುದು. ಶ್ರೀರಾಮ ವಿಡಿಯೋ ನೋಡುತ್ತಾ ಎಡಕ್ಕೆ ಮಡಚಿ ಎನ್ನುವನು, ವಿಶ್ವನಾಥಪ್ಪನವರು ಬಲಕ್ಕೆ ಮಡಚುವರು. ಕೊನೆಗೆ ಎಲ್ಲರೂ ಬೆವತು ಸೋತು, ಮತ್ತೆ ಗಾಳಿ ತುಂಬಿ, ವ್ಯಾನಿನ ನೆತ್ತಿಯ ಮೇಲೆ ಮಗುಚಿಹಾಕಿ ಹಗ್ಗದಿಂದ ಬಿಗಿದರು. ಅದರ ಮುಂಭಾಗ ಗಾಜಿನ ಮೇಲೆ ಜೋತುಬಿದ್ದು ಶೆಟ್ಟರಿಗೆ ಅರ್ಧ ರಸ್ತೆ ಮಾತ್ರ ಕಾಣುತ್ತಿತ್ತು. ಅಂಗಡಿಯ ಬಾಗಿಲಲ್ಲೇ ಉಳಿದ ನೀಲಿ ಡಿಂಗಿಯನ್ನು ಅವರು ಪಕ್ಕದ ಕನ್ನಡಿಯಲ್ಲಿ ತಿರುವಿನವರೆಗೂ ನೋಡಿದರು.

ಆ ವಾರ ಮೇಲಿನ ಅಣೆಕಟ್ಟುಗಳಿಂದ ನೀರು ಬಿಡುತ್ತಿದ್ದ ಸುದ್ದಿ ಎಲ್ಲರ ಮೊಬೈಲಿನಲ್ಲೂ ಇತ್ತು. ನೆತ್ತಿಯ ಮೇಲೆ ರಬ್ಬರ್ ದೋಣಿ ಹೊತ್ತ ವ್ಯಾನು ಗೋದಾವರಿ ದಡದ ಹಳ್ಳಿಯೊಳಗೆ ನುಗ್ಗಿದಾಗ ಜನ ಏನು ತಿಳಿಯಬೇಕು? ಚಾವಡಿಯ ಮುಂದೆ ಕುಳಿತಿದ್ದವರೆಲ್ಲ ಎದ್ದು ನಿಂತರು. ನೆರೆ ಎಲ್ಲಿಯವರೆಗೆ ಬಂತು ಎಂದು ಕೇಳುತ್ತಾ ವ್ಯಾನನ್ನು ಸುತ್ತುವರಿದರು. ಒಬ್ಬ ಆಗಲೇ ಎಮ್ಮೆಯ ಹಗ್ಗ ಬಿಚ್ಚಿದ. ಇನ್ನೊಬ್ಬ ಟ್ರಾಕ್ಟರಿಗೆ ಜೋಳದ ಚೀಲ ಏರಿಸತೊಡಗಿದ. ನಾವು ಹೋಟೆಲಿನವರು ಎಂದು ಶೆಟ್ಟರು ಮರಾಠಿಯಲ್ಲಿ ಹೇಳಿದ್ದಕ್ಕೆ, ಊಟದ ವ್ಯವಸ್ಥೆಯನ್ನೂ ಸರಕಾರ ಜೊತೆಗೇ ಕಳಿಸಿದೆ ಎಂದು ಅವರು ಇನ್ನಷ್ಟು ಹೆದರಿದರು. ಇಡ್ಲಿಯ ಪಾತ್ರೆ ಬೇರೆ ಕಾಣುತ್ತಿತ್ತು.

ವಿಶ್ವನಾಥಪ್ಪನವರು ಕೆಳಗಿಳಿದು ರೈಲ್ವೆಯ ಗತ್ತಿನಲ್ಲಿ, ಗಾಬರಿ ಬೇಡ, ಇದು ಪಾಹಣಿ ಮಾತ್ರ, ಸುಮ್ಮನೆ ನೋಡಿಹೋಗಲು ಬಂದದ್ದು ಎಂದು ಮರಾಠಿಯಲ್ಲಿ ಹೇಳಿದರು. ಪರಿಶೀಲನೆಗೆ ಬಂದ ಸಾಹೇಬರನ್ನು ಸುಮ್ಮನೆ ಕಳಿಸುವುದು ಹೇಗೆ? ಸರಪಂಚನ ಮನೆಯಿಂದ ಚಹಾ ಬಂತು. ತೆಂಗಿನಕಾಯಿ ಬಂತು, ಶೆಟ್ಟರ ತಲೆಗೆ ಕೇಸರಿ ರುಮಾಲು ಸುತ್ತಿದರು. ಕಳೆದ ವರ್ಷ ಕೊಚ್ಚಿಹೋದ ಕಾಲುಸೇತುವೆಯ ಬಗ್ಗೆ ಸರಪಂಚ ದೀರ್ಘವಾಗಿ ದೂರಿದ. ಶೆಟ್ಟರು ತಲೆಯಾಡಿಸುತ್ತಾ ವ್ಯಾನಿನ ಕಡೆ ನೋಡಿದರು. ಅನಸೂಯಮ್ಮ ಮುಂದಿನ ಸೀಟಿನಲ್ಲಿ ಅಲ್ಲಾಡದೆ ಕುಳಿತಿದ್ದರು. ಬಿಸಿಲು ಇಳಿಯುತ್ತಿತ್ತು. ಆ ರುಮಾಲು ಸುತ್ತಿಕೊಂಡು ನಿಂತಿರುವಾಗ ಶೆಟ್ಟರಿಗೆ ಮಗನ ಮದುವೆಗೆ ಕಟ್ಟಿಕೊಳ್ಳಬೇಕಾಗಿದ್ದ ಮುಂಡಾಸಿನ ನೆನಪಾಗಿ ಕಣ್ಣು ತುಂಬಿತು. ಕಾಲುಸೇತುವೆಗಾಗಿ ಅಳುವ ಅಧಿಕಾರಿಯನ್ನು ಆ ಊರು ಅದೇ ಮೊದಲ ಸಲ ನೋಡಿದ್ದು; ಸರಪಂಚ ಅವರ ಎರಡೂ ಕೈ ಹಿಡಿದುಕೊಂಡ.

ದಡ ಮುಟ್ಟಿದಾಗ ಸಂಜೆಯಾಗುತ್ತಿತ್ತು. ಸ್ವಲ್ಪ ದೂರದಲ್ಲಿ ದಿಗಂತನ ದೋಣಿ ನಿಂತಿತ್ತು. ಬಿಳಿ ದೋಣಿ, ಸಣ್ಣ ಕಿಟಕಿಗಳು, ನೆತ್ತಿಯ ಮೇಲೆ ಹಕ್ಕಿಗಳ ಹಿಕ್ಕೆ. ಅನಸೂಯಮ್ಮ ನೀರಿನ ಅಂಚಿನವರೆಗೂ ನಡೆದು ಹೋಗಿ ನಿಂತರು. ಕಾವಲಿನ ಮೀನುಗಾರ ಬೀಡಿಯನ್ನು ಬೆನ್ನ ಹಿಂದೆ ಹಿಡಿದ. ಆಮೇಲೆ ವ್ಯಾನಿನಿಂದ ಇಳಿಸುತ್ತಿದ್ದ ಡಿಂಗಿ ಜಾಲಿಯ ಮುಳ್ಳಿನ ಮೇಲೆ ಕೂತು ಸಣ್ಣಗೆ ಸುಯ್ ಎಂದಿತು.

ತೂತಿಗೆ ಅಂಟಿಸುವ ರಬ್ಬರಿನ ತುಂಡು ಜೊತೆಯಲ್ಲಿತ್ತು. ಅದು ಒಣಗಲು ಹೊತ್ತು ಬೇಕು ಎಂದು ಮೇಲೆ ಬರೆದಿತ್ತು, ಹೊತ್ತು ಇರಲಿಲ್ಲ. ಶ್ರೀರಾಮ ಅಂಟಿಸಿದ ತುಂಡಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ತಾನು ಹೀಗೆಯೇ ಕುಳಿತಿರುತ್ತೇನೆ, ಹೊರಡಿ ಎಂದ. ಸಮುದ್ರದ ಅಷ್ಟೂ ಜ್ಞಾನ ಒಂದು ಹೆಬ್ಬೆರಳಿಗೆ ಇಳಿದಿತ್ತು. ಐವರೂ ಡಿಂಗಿಯ ಉಬ್ಬಿದ ಅಂಚಿನ ಮೇಲೆ ಕುಳಿತರು. ಆರನೆಯ ಜಾಗದಲ್ಲಿ ಇಡ್ಲಿಯ ಪಾತ್ರೆ, ಸಾಂಬಾರಿನ ಕ್ಯಾನು.

ವಿಶ್ವನಾಥಪ್ಪನವರು ಒಂದು ಹುಟ್ಟು ಹಿಡಿದರು, ಶೆಟ್ಟರು ಇನ್ನೊಂದು. ಡಿಂಗಿ ಇದ್ದಲ್ಲೇ ಬುಗುರಿಯ ಹಾಗೆ ತಿರುಗಿತು. ದಡದಲ್ಲಿದ್ದ ಮೀನುಗಾರ ಮೂರು ಸಲ ಅವರ ಬೆನ್ನನ್ನೂ ಮೂರು ಸಲ ಮುಖವನ್ನೂ ನೋಡಿ, ಮರ್ಯಾದೆಗಾಗಿ ಬೇರೆ ಕಡೆ ತಿರುಗಿಕೊಂಡ. ಶೆಟ್ಟರು ಗುಡ್ಡದ ಬದಿಯ ಊರಿನವರು, ನೀರಿನ ಅಭ್ಯಾಸ ಇಲ್ಲ. ಅನಸೂಯಮ್ಮ ಹೊಳೆ ಸಮುದ್ರ ಸೇರುವ ಕಡೆ, ಗಂಗೊಳ್ಳಿಯ ಹೊಳೆಬಾಗಿಲಲ್ಲಿ ಬೆಳೆದವರು. ಅವರು ಒಂದು ಮಾತೂ ಆಡದೆ ಎದ್ದು, ಇಬ್ಬರ ಕೈಯಿಂದಲೂ ಹುಟ್ಟು ತೆಗೆದುಕೊಂಡು, ನಡುವೆ ಪಾತ್ರೆಯ ಮುಚ್ಚಳದ ಮೇಲೆ ಕುಳಿತರು. ಹೋಗುವ ದಿಕ್ಕಿಗೆ ಬೆನ್ನು ಮಾಡಿ. ಡಿಂಗಿ ಮುಂದೆ ಸಾಗಿತು.

ಶೆಟ್ಟರು ಹಿಂಭಾಗದಲ್ಲಿ ಕುಳಿತಿದ್ದರು. ಅಂದರೆ ಹೆಂಡತಿಯ ಎದುರು. ಇಷ್ಟು ವರ್ಷ ಹಬೆಯ ಆಚೆ ಕಂಡಿದ್ದ ಮುಖ ಈಗ ಸಂಜೆಯ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಗಲ್ಲದ ಮೇಲೆ ಎಣ್ಣೆ ಸಿಡಿದ ಹಳೆಯ ಕಲೆ, ಬಿಳಿಯಾದ ಹುಬ್ಬು. ಎಷ್ಟು ಬಳಲಿದ್ದಾಳೆ ಎಂದು ಅವರಿಗೆ ಮೊದಲ ಸಲ ಗೊತ್ತಾಯಿತು. ಅನಸೂಯಮ್ಮನೂ ಅವರನ್ನೇ ನೋಡುತ್ತಿದ್ದರು. ಹುಟ್ಟು ನೀರಿಗೆ ಬೀಳುವುದು, ಏಳುವುದು. ಶೆಟ್ಟರು ಬಾಯಿ ತೆರೆದರು.

ಈ ಹಿನ್ನೀರಿನಾಗ ಮೊಸಳಿ ಅವ ಏನ್ರಿ ಎಂದು ವಿಶ್ವನಾಥಪ್ಪನವರು ಕೇಳಿದರು. ಶ್ರೀರಾಮ ಹೆಬ್ಬೆರಳು ಅಲುಗಿಸದೆ ಮೊಸಳೆಗಳ ವಿಷಯ ಹೇಳತೊಡಗಿದ. ಪಾರ್ವತಿಬಾಯಿ ಕಾಲು ಮೇಲೆಳೆದುಕೊಂಡರು. ಶೆಟ್ಟರು ಬಾಯಿ ಮುಚ್ಚಿದರು. ಇರಲಿ, ದೋಣಿ ಹತ್ತಿದ ಮೇಲೆ ಒಳಗಿನ ಕೋಣೆಯಲ್ಲಿ ಕುಳಿತು ಮಾತಾಡಬಹುದು ಎಂದು ಸಮಾಧಾನ ಮಾಡಿಕೊಂಡರು. ಅಲ್ಲಿ ಹಲಗೆ ಎರಡೇ ಇರುವುದು.

ದೊಡ್ಡ ದೋಣಿಯ ಏಣಿಗೆ ಡಿಂಗಿ ಮೆತ್ತಗೆ ತಾಗಿತು. ಅನಸೂಯಕ್ಕ ಮೊದಲು ಹತ್ತಲಿ ಎಂದು ಎಲ್ಲರೂ ಒಮ್ಮತದಿಂದ ಹೇಳಿದರು. ಇಡೀ ದಿನದಲ್ಲಿ ಅವರೆಲ್ಲ ಒಪ್ಪಿದ ಮಾತು ಅದೊಂದೇ. ಅನಸೂಯಮ್ಮ ಎರಡೂ ಹುಟ್ಟುಗಳನ್ನು ಮೇಲಿಟ್ಟರು. ಬಟ್ಟೆಯ ಚೀಲ ಮೇಲಿಟ್ಟರು. ಮೊಣಕಾಲಿನ ವಿಷಯ ಮರೆತವರ ಹಾಗೆ ನಾಲ್ಕು ಮೆಟ್ಟಿಲು ಹತ್ತಿದರು. ಶೆಟ್ಟರು ಎದ್ದು, ತಾವೂ ಹತ್ತಲು ಏಣಿಗೆ ಕೈ ಚಾಚಿದರು.

ಅನಸೂಯಮ್ಮ ಡಿಂಗಿಯ ಹಗ್ಗದ ತುದಿಯನ್ನು ದೋಣಿಯ ಗೂಟಕ್ಕೆ ಭದ್ರವಾಗಿ ಕಟ್ಟಿದರು. ಆಮೇಲೆ ಬಗ್ಗಿ, ಹುಟ್ಟಿನ ತುದಿಯಿಂದ ಡಿಂಗಿಯನ್ನು ಮೆಲ್ಲಗೆ ದೂಡಿದರು. ಶೆಟ್ಟರ ಕೈ ಗಾಳಿಯಲ್ಲಿ ಉಳಿಯಿತು. ಹಗ್ಗವನ್ನು ಅವರು ಸುರುಳಿ ಸುರುಳಿಯಾಗಿ ಬಿಡುತ್ತಾ ಹೋದರು, ಡಿಂಗಿ ಹಿಂದೆ ಹಿಂದೆ ಸರಿಯುತ್ತಾ ಹೋಯಿತು. ಮುಖದಲ್ಲಿ ಸಿಟ್ಟು ಇರಲಿಲ್ಲ.

"ನಾವ್ ಇಬ್ರೇ ಬಪ್ಪುದ್ ಅಂದ್ಕಂಡಿದ್ದೆ ನಾನ್" ಎಂದರು. ಆಮೇಲೆ, "ಇವ್ರಿಗೆಲ್ಲ ತಿಂಡಿ ಬಡ್ಸಿ" ಎಂದರು. ಚೀಲ ಎತ್ತಿಕೊಂಡು ಮಗನ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹಗ್ಗ ಮುಗಿದಲ್ಲಿ ಡಿಂಗಿ ನಿಂತಿತು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಗ್ಗ ಎಳೆದರೆ ಹತ್ತಿರ ಹೋಗಬಹುದು ಭಾವ ಎಂದು ಶ್ರೀರಾಮ ಪಿಸುದನಿಯಲ್ಲಿ ಹೇಳಿದ. ಅವನಿಗೆ ಹೆಬ್ಬೆರಳು ತೆಗೆಯುವಂತಿರಲಿಲ್ಲ. ಶೆಟ್ಟರು ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡರು. ಎಳೆಯಲಿಲ್ಲ.

ಆಗ ದೋಣಿಯೊಳಗಿನಿಂದ ಅನಸೂಯಮ್ಮನ ದನಿ ಕೇಳಿಸಿತು. ಮೊದಲು ಅಳು, ಆಮೇಲೆ ಮಾತು. ಒಂದರ ಹಿಂದೆ ಒಂದು, ನಿಲ್ಲದೆ, ಎರಡು ಮಳೆಗಾಲದ ಮಾತು. ಮಗನನ್ನು ಬೈಯುತ್ತಿದ್ದರೋ, ಉಂಡೆಯಾ ಎಂದು ಕೇಳುತ್ತಿದ್ದರೋ, ಇಷ್ಟು ದೂರಕ್ಕೆ ತಿಳಿಯುವಂತಿರಲಿಲ್ಲ. ಹೆಂಡತಿ ಇಷ್ಟೊಂದು ಮಾತಾಡಬಲ್ಲಳು ಎಂಬುದೇ ಶೆಟ್ಟರಿಗೆ ಗೊತ್ತಿರಲಿಲ್ಲ. ಆ ನೀಲಿ ಡಿಂಗಿಯಲ್ಲಿ ಬಂದಿದ್ದರೆ ಈ ಹೊತ್ತಿಗೆ ತಾನೂ ಒಳಗೆ ಎರಡನೆಯ ಹಲಗೆಯ ಮೇಲೆ ಇರುತ್ತಿದ್ದೆ ಎಂದುಕೊಂಡು ಅವರು ಮುಚ್ಚಿದ ಬಾಗಿಲನ್ನೇ ನೋಡಿದರು.

ಡಿಂಗಿಯಲ್ಲಿ ವಿಶ್ವನಾಥಪ್ಪನವರು ಕೂಡ ತಲೆ ತಗ್ಗಿಸಿ ಕುಳಿತಿದ್ದರು. ಗಾಳಿ ನಿಂತಿತ್ತು. ಹೇಳುವುದಾದರೆ ಇದೇ ಹೊತ್ತು ಎಂದು ಶೆಟ್ಟರಿಗೆ ಅನ್ನಿಸಿತು. ಅವರು ಉಳಿದವರಿಗೆ ಬೆನ್ನು ಮಾಡಿ, ನೀರಿನ ಕಡೆ ತಿರುಗಿ, ಕಷ್ಟಪಟ್ಟು ದನಿ ತಂದುಕೊಂಡು, "ದಿಗಂತಾ" ಎಂದರು.

"ಏನಂದ್ರಿ ಅಣ್ಣಾರ?" ಎಂದು ಪಾರ್ವತಿಬಾಯಿ ಕೇಳಿದರು.

ಶೆಟ್ಟರು ಹಗ್ಗ ಕೆಳಗಿಟ್ಟು, ಈ ಕಡೆ ತಿರುಗಿ, ಪಾತ್ರೆಯ ಮುಚ್ಚಳ ತೆಗೆದರು.

"ಏನಿಲ್ಲ ಬಾಯಿ. ನಿಮಗೆ ಇಡ್ಲಿ ಎಷ್ಟು ಹಾಕ್ಲಿ?"